ಮುಂದಿನ ಸಾಲಿನಲ್ಲಿ ಸಿಸ್ಟರ್‌ಗೂ ಒಂದು ಕುರ್ಚಿ

ಬಯೋಮೆಡಿಕಲ್ ಎಂಜಿನಿಯರಿಂಗ್‌ನಲ್ಲಿ ಪಿಎಚ್‌ಡಿ ಮಾಡುವವರ ಸೆಮಿನಾರ್‌ಗಳಿಗೆ ನಾನು ಆಗಾಗ ಹೋಗಿ ಕೂರುತ್ತೇನೆ. ಯಾರೂ ಕರೆದಿರುವುದಿಲ್ಲ. ನೋಟಿಸಿನ ಕೆಳಗೆ ‘ಎಲ್ಲರಿಗೂ ಸ್ವಾಗತ’ ಎಂದು ಬರೆದಿರುತ್ತಾರೆ, ಅದನ್ನು ನಂಬಿಕೊಂಡು ಹೋಗುತ್ತೇನೆ. ಉತ್ತರ ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುವುದು ನನ್ನ ಕೆಲಸ. ಬಿಡಿಭಾಗ ಹುಡುಕಿಕೊಂಡು ಬೆಂಗಳೂರಿನ ಎಸ್‌.ಪಿ. ರೋಡಿಗೆ ಬಂದ ದಿನ, ಕನೆಕ್ಟರು, ಫ್ಯೂಸು, ರಿಬ್ಬನ್ ಕೇಬಲ್ಲು ಚೀಲಕ್ಕೆ ಬಿದ್ದ ಮೇಲೆ ರಾತ್ರಿ ರೈಲಿನ ತನಕ ಹೊತ್ತು ಕಳೆಯಬೇಕು. ಸೆಮಿನಾರ್ ಹಾಲಿನಲ್ಲಿ ಎ.ಸಿ. ಇರುತ್ತದೆ, ಚಹಾ ಬಿಸ್ಕತ್ತೂ ಸಿಗುತ್ತದೆ. ಸುಳ್ಳೇಕೆ ಹೇಳಲಿ, ಮೊದಮೊದಲು ಹೋಗಿದ್ದು ಅದಕ್ಕೇ.

ಈಗ ಹೋಗುವುದು ಪ್ರಶ್ನೆಗಳನ್ನು ಕೇಳಿಸಿಕೊಳ್ಳಲು. ಮುಂದಿನ ಸಾಲು ಪ್ರಾಧ್ಯಾಪಕರದ್ದು, ಹಿಂದಿನದು ಲ್ಯಾಪ್‌ಟಾಪ್ ಬಿಚ್ಚಿಕೊಂಡ ವಿದ್ಯಾರ್ಥಿಗಳದ್ದು. ನಲವತ್ತೈದು ನಿಮಿಷದ ಭಾಷಣ ಮುಗಿದ ಮೇಲೆ ಒಬ್ಬರು ಸ್ಯಾಂಪ್ಲಿಂಗ್ ರೇಟ್ ಎಷ್ಟು ಎನ್ನುತ್ತಾರೆ. ಇನ್ನೊಬ್ಬರು ಈ ಫಿಲ್ಟರ್ ಬದಲು ಆ ಫಿಲ್ಟರ್ ಯಾಕೆ ಹಾಕಲಿಲ್ಲ ಎನ್ನುತ್ತಾರೆ. ಮೂರನೆಯವರು ಹೋದ ತಿಂಗಳು ಕೊರಿಯಾದಿಂದ ಬಂದ ಪೇಪರ್ ನೋಡಿದ್ದೀಯಾ ಎಂದು ವಿಚಾರಿಸುತ್ತಾರೆ. ಯಾವ ಪ್ರಶ್ನೆಯೂ ತಪ್ಪಲ್ಲ. ಆದರೆ ಆ ಯಂತ್ರವನ್ನು ನಾಳೆ ರಾತ್ರಿ ಪಾಳಿಯಲ್ಲಿ ಹಿಡಿಯುವವರು ಕೇಳುವಂಥ ಪ್ರಶ್ನೆ ಅಲ್ಲಿ ಬರುವುದೇ ಇಲ್ಲ, ಯಾಕೆಂದರೆ ಅವರು ಅಲ್ಲಿ ಇರುವುದೇ ಇಲ್ಲ. ಆಸ್ಪತ್ರೆಯ ಹೆಸರು ಕೇಳಿಸುವುದು ಕಟ್ಟಕಡೆಯ ಸ್ಲೈಡಿನಲ್ಲಿ, ‘ಮುಂದಿನ ಕೆಲಸ’ ಎಂಬ ತಲೆಬರಹದ ಕೆಳಗೆ.

ಒಂದು ಸೆಮಿನಾರ್ ನನಗೆ ಚೆನ್ನಾಗಿ ನೆನಪಿದೆ. ಹುಡುಗಿ ಜಾಣೆ, ಮಾತೂ ಸ್ಪಷ್ಟ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ಎದೆಗೆ ಸುತ್ತುವ ಒಂದು ಮೆತ್ತನೆಯ ಪಟ್ಟಿ ಮಾಡಿದ್ದಳು. ಬೆರಳಗಲದ ಸಿಲಿಕೋನ್ ಪಟ್ಟಿ, ಅದರ ಮೇಲೆ ವಿದ್ಯುತ್ ಹರಿಯುವ ಶಾಯಿಯಲ್ಲಿ ಅಚ್ಚು ಹಾಕಿದ ಗೆರೆ. ಕೂಸು ಉಸಿರೆಳೆದಾಗ ಎದೆ ಉಬ್ಬಿ ಪಟ್ಟಿ ಹಿಗ್ಗುತ್ತದೆ, ಗೆರೆಯ ರೆಸಿಸ್ಟೆನ್ಸ್ ಬದಲಾಗುತ್ತದೆ, ಅದರಿಂದ ಉಸಿರಿನ ಎಣಿಕೆ. ಇಂಥ ಕೂಸುಗಳು ಉಸಿರಾಡುವುದನ್ನೇ ಮರೆತುಬಿಡುತ್ತವೆ. ಇಪ್ಪತ್ತು ಸೆಕೆಂಡ್ ಉಸಿರು ನಿಂತರೆ ಅದನ್ನು ಅಪ್ನಿಯಾ ಎನ್ನುತ್ತಾರೆ. ಯಾರಾದರೂ ಅಂಗಾಲಿಗೆ ತಟ್ಟಿ ಎಬ್ಬಿಸಬೇಕು. ಆಗ ಪಟ್ಟಿ ಕೂಗಿ ಕರೆಯುತ್ತದೆ. ಒಳ್ಳೆಯ ವಿಚಾರ. ಬೊಂಬೆಯ ಮೇಲೆ ಪರೀಕ್ಷೆ, ಆಮೇಲೆ ತೊಟ್ಟಿಲಲ್ಲಿ ಮಲಗಿದ ಕೆಲವು ಆರೋಗ್ಯವಂತ ಶಿಶುಗಳ ಮೇಲೆ ಪರೀಕ್ಷೆ. ಗ್ರಾಫ್ ಅಂದವಾಗಿತ್ತು.

ನಾನು ಕೈಯೆತ್ತಿ, ಇದನ್ನು ಸ್ಪಿರಿಟ್ ಹಚ್ಚಿ ಒರೆಸಿದರೆ ಆ ಶಾಯಿ ಗೆರೆ ಎಷ್ಟು ದಿನ ತಡೆಯುತ್ತದೆ ಎಂದು ಕೇಳಿದೆ. ಕೂಸಿಗೆ ಮುಟ್ಟಿಸಿದ್ದನ್ನೆಲ್ಲ ವಾರ್ಡಿನಲ್ಲಿ ಒರೆಸುತ್ತಾರೆ, ಒರೆಸಲೇಬೇಕು. ‘ಒಳ್ಳೆಯ ಪ್ರಶ್ನೆ’ ಎಂದಳು. ನಡೆಸಿಕೊಡುವವರು ಗಡಿಯಾರ ನೋಡಿದರು.

ಊರಿಗೆ ಬಂದ ಮೇಲೆ ನಮ್ಮ ಎಸ್‌ಎನ್‌ಸಿಯು, ಅಂದರೆ ನವಜಾತ ಶಿಶುಗಳ ವಾರ್ಡಿನಲ್ಲಿ ವಾರ್ಮರ್‌ನ ಸೆನ್ಸರ್ ಬದಲಿಸುತ್ತ, ಅಲ್ಲಿನ ಹಿರಿಯ ಸಿಸ್ಟರ್‌ಗೆ ಈ ಪಟ್ಟಿಯ ಕಥೆ ಹೇಳಿದೆ. ಅವರು ಕೈಯಲ್ಲಿದ್ದ ಫೀಡಿಂಗ್ ಚಾರ್ಟಿನಿಂದ ತಲೆ ಎತ್ತದೆಯೇ ಕೇಳಿದರು: ‘ಅಲ್ರೀ ಸರ, ಕೂಸು ದಿನಪೂರ್ತಿ ಅವರವ್ವನ ಎದಿ ಮ್ಯಾಲೆ ಇರ್ತದ. ಈ ಪಟ್ಟಿ ಯಾರ ಉಸಿರು ಎಣಸ್ತದ, ಕೂಸಿಂದೋ ಅವ್ವಂದೋ?’

ನಾನು ಸುಮ್ಮನಾದೆ. ಅವರೇ ಮುಂದುವರಿಸಿದರು: ‘ಕೂಸಿಂದು ನಿಂತ್ರೂ ಅವ್ವಂದು ನಡದ ಇರ್ತದಲ್ರೀ.’

ಇದು ಎಷ್ಟು ದೊಡ್ಡ ಪ್ರಶ್ನೆ ಎಂಬುದು ಗೊತ್ತಾಗಬೇಕಾದರೆ ಕಾಂಗರೂ ಆರೈಕೆಯ ಬಗ್ಗೆ ಸ್ವಲ್ಪ ಹೇಳಬೇಕು. ಕಡಿಮೆ ತೂಕದ ಕೂಸನ್ನು ತಾಯಿಯ ಬರಿ ಎದೆಗೆ ಅಂಟಿಸಿ ಬಟ್ಟೆಯಲ್ಲಿ ಕಟ್ಟುವ ಈ ಪದ್ಧತಿ ಆಸ್ಪತ್ರೆಗೆ ಕಾಲಿಟ್ಟಿದ್ದು 1970ರ ದಶಕದ ಕೊನೆಗೆ, ಕೊಲಂಬಿಯಾದ ಬೊಗೊಟಾದಲ್ಲಿ. ಅಲ್ಲಿ ಇನ್‌ಕ್ಯುಬೇಟರ್ ಸಾಲದೆ ಹುಡುಕಿಕೊಂಡ ದಾರಿ ಅದು. ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿದರೆ ಏನಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಭಾರತ ಮತ್ತು ಆಫ್ರಿಕಾದ ನಾಲ್ಕು ದೇಶಗಳಲ್ಲಿ ನೋಡಿತು. 2021ರಲ್ಲಿ ಬಂದ ಫಲಿತಾಂಶದಂತೆ, ಮೊದಲ 28 ದಿನಗಳಲ್ಲಿ ಸಾಯುವ ಕೂಸುಗಳ ಪ್ರಮಾಣ ಶೇ 15.7ರಿಂದ ಶೇ 12ಕ್ಕೆ ಇಳಿದಿತ್ತು. ಮರುವರ್ಷ ಆ ಸಂಸ್ಥೆ ದಿನಕ್ಕೆ 8ರಿಂದ 24 ಗಂಟೆ, ಆದಷ್ಟೂ ಹೆಚ್ಚು ಹೊತ್ತು, ಕೂಸು ಎದೆಯ ಮೇಲೆಯೇ ಇರಲಿ ಎಂದಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ಊರೂರಿಗೆ ಮುಟ್ಟಿಸುವುದು ಹೇಗೆಂಬ ಸಂಶೋಧನೆ ನಡೆದಿದೆ. ಅಂದಮೇಲೆ ಇವತ್ತಿನ ಎಸ್‌ಎನ್‌ಸಿಯುನಲ್ಲಿ ಕೂಸಿನ ಜಾಗ ತೊಟ್ಟಿಲಲ್ಲ. ತೊಟ್ಟಿಲಲ್ಲಿ ಪರೀಕ್ಷಿಸಿದ ಪಟ್ಟಿ ಅಮ್ಮನ ಎದೆ ಏರಿಳಿಯುವುದನ್ನೇ ಕೂಸಿನ ಉಸಿರೆಂದು ಎಣಿಸುತ್ತ ಕೂತರೆ, ಕೂಗಬೇಕಾದ ಹೊತ್ತಿಗೆ ಕೂಗುವುದಿಲ್ಲ.

ಬಿಡಿಸಲಾಗದ ಸಮಸ್ಯೆಯೇನಲ್ಲ. ನವಜಾತ ಶಿಶು ನಿಮಿಷಕ್ಕೆ ನಲವತ್ತರಿಂದ ಅರವತ್ತು ಸಲ ಉಸಿರಾಡುತ್ತದೆ, ತಾಯಿ ಹನ್ನೆರಡರಿಂದ ಇಪ್ಪತ್ತು ಸಲ. ಲಯ ಬೇರೆ ಬೇರೆ ಇರುವುದರಿಂದ ಬೇರ್ಪಡಿಸಲು ದಾರಿ ಇದೆ. ಆ ಹುಡುಗಿಯಂಥವರಿಗೆ ಅದು ಒಂದು ಸೆಮಿಸ್ಟರಿನ ಕೆಲಸ ಇರಬಹುದು. ಅವಳಿಗೆ ಇಮೇಲ್ ಬರೆದೆ. ಮರ್ಯಾದೆಯಿಂದಲೇ ಉತ್ತರ ಬಂತು. ಥೀಸಿಸ್ ಬರವಣಿಗೆ ನಡೆದಿದೆ, ಇನ್ನು ಪ್ರಯೋಗ ಬದಲಿಸಲಾಗದು, ‘ಮಿತಿಗಳು’ ಎಂಬ ಭಾಗದಲ್ಲಿ ಇದನ್ನು ಸೇರಿಸುತ್ತೇನೆ ಎಂದು. ಮೊದಲ ವರ್ಷದ ಸೆಮಿನಾರಿನಲ್ಲಿ ಆ ಸಿಸ್ಟರ್ ಕೂತಿದ್ದರೆ ಅದೇ ಮಾತು ಸಂಶೋಧನೆಯ ನಡುಮನೆಯಲ್ಲಿ ಇರುತ್ತಿತ್ತು. ಹುಡುಗಿಯನ್ನು ನಾನು ದೂರುವುದಿಲ್ಲ. ನಾಲ್ಕಾರು ವರ್ಷ ಅವಳನ್ನು ಪ್ರಶ್ನಿಸಿದ ಹಿರಿಯರೆಲ್ಲ ಅವಳದೇ ಕಟ್ಟಡದವರು.

ಕೇಳಬೇಕಾದವರು ಕೇಳದಿದ್ದರೆ ಪ್ರಶ್ನೆ ಎಷ್ಟು ಕಾಲ ಬಾಕಿ ಉಳಿಯುತ್ತದೆ ಎಂಬುದಕ್ಕೆ ಪಲ್ಸ್ ಆಕ್ಸಿಮೀಟರ್ ಇದೆ. 1974ರಲ್ಲಿ ಜಪಾನಿನ ಎಂಜಿನಿಯರ್ ತಾಕುವೊ ಅಓಯಾಗಿ ಅದರ ಮೂಲತತ್ವವನ್ನು ಜಗತ್ತಿನ ಮುಂದಿಟ್ಟರು. ಚರ್ಮದ ಮೂಲಕ ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕು ಹಾಯಿಸಿ ರಕ್ತದ ಆಮ್ಲಜನಕ ಅಳೆಯುವುದು ಅದರ ಕೆಲಸ. ಚರ್ಮದ ಬಣ್ಣ ಗಾಢವಾಗಿದ್ದರೆ ಲೆಕ್ಕ ತಪ್ಪಬಹುದು ಎಂದು 1990ರಲ್ಲೇ ಒಂದು ಅಧ್ಯಯನ ತೋರಿಸಿತ್ತು. ಆಮೇಲೆ ಮೂವತ್ತು ವರ್ಷ ಕಳೆಯಿತು. 2020ರ ಡಿಸೆಂಬರಿನಲ್ಲಿ, ಕೋವಿಡ್ ನಡುವೆ, ಅಮೆರಿಕದ ಮಿಷಿಗನ್‌ನ ವೈದ್ಯರು ಆಸ್ಪತ್ರೆಯ ದಾಖಲೆ ತೆಗೆದು ನೋಡಿದರು. ಯಂತ್ರ 92ರಿಂದ 96ರ ನಡುವೆ ತೋರಿಸುತ್ತಿದ್ದರೂ ರಕ್ತದಲ್ಲಿ ನಿಜಕ್ಕೂ 88ಕ್ಕಿಂತ ಕಡಿಮೆ ಇದ್ದ ಪ್ರಸಂಗಗಳು ಬಿಳಿಯರಲ್ಲಿ ಶೇ 3.6, ಕಪ್ಪು ಜನರಲ್ಲಿ ಶೇ 11.7. ಅದೇ ಹೊತ್ತಿಗೆ ನಮ್ಮೂರಲ್ಲಿ 94 ಎಂಬ ಅಂಕಿ ಮನೆಮನೆಯ ಮಾತಾಗಿತ್ತು, ಹಾಸಿಗೆ ಬೇಕೋ ಬೇಡವೋ ಎಂಬುದು ಅದರ ಮೇಲೆ ನಿಂತಿತ್ತು. ನಮ್ಮ ಕಡೆ ಬಿಸಿಲಲ್ಲಿ ಹೊಲಗೆಲಸ ಮಾಡಿದ ಬೆರಳು, ಮದರಂಗಿ ಹಚ್ಚಿದ ಬೆರಳು ಪ್ರೋಬಿನೊಳಗೆ ಬರುತ್ತವೆ. ಇಂದಿಗೂ ಸೆಮಿನಾರಿನಲ್ಲಿ ಹೊಸ ಆಪ್ಟಿಕಲ್ ಸೆನ್ಸರ್ ತೋರಿಸುವವರು ಪರೀಕ್ಷೆಗೆ ಕರೆಯುವುದು ಲ್ಯಾಬಿನ ಗೆಳೆಯರನ್ನು.

ಯಂತ್ರಗಳು ಕೆಡುವುದರ ಬಗ್ಗೆಯೂ ಒಂದು ಮಾತು, ಅದು ನನ್ನ ಹೊಟ್ಟೆಪಾಡು. ಕೇಂದ್ರ ಸರ್ಕಾರ ಸರ್ಕಾರಿ ಆಸ್ಪತ್ರೆಗಳ ಯಂತ್ರಗಳನ್ನು ಒಮ್ಮೆ ಎಣಿಸಿತ್ತು. 29,115 ಕಡೆ 7,56,750 ಯಂತ್ರಗಳು. ಅವುಗಳಲ್ಲಿ, ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸವಿದ್ದು, ಶೇ 13ರಿಂದ 34ರಷ್ಟು ಕೆಟ್ಟು ಕೂತಿದ್ದವು. ನನ್ನ ಮೇಜಿಗೆ ಬರುವವುಗಳಲ್ಲಿ ಭಾರೀ ದೋಷ ಅಪರೂಪ. ಪ್ರೋಬಿನ ವೈರು ಕನೆಕ್ಟರ್ ಸೇರುವ ಕುತ್ತಿಗೆಯಲ್ಲಿ ತುಂಡಾಗಿರುತ್ತದೆ, ಸಿಸ್ಟರ್ ಅದಕ್ಕೆ ಮೈಕ್ರೋಪೋರ್ ಟೇಪ್ ಸುತ್ತಿ ಇನ್ನೊಂದು ವಾರ ನಡೆಸಿರುತ್ತಾರೆ. ಸಿರಿಂಜ್ ಪಂಪಿನ ಬೆಚ್ಚನೆಯ ಹೊಟ್ಟೆಯಲ್ಲಿ ಜಿರಳೆ ಸಂಸಾರ ಹೂಡಿರುತ್ತದೆ. ಬ್ಯಾಟರಿ ಸತ್ತು, ಕರೆಂಟು ಹೋದ ಕ್ಷಣ ಮಾನಿಟರ್ ಕಪ್ಪಾಗುತ್ತದೆ. ಆ ವೈರಿನ ಕುತ್ತಿಗೆಯ ಬಗ್ಗೆ ಯಾರಾದರೂ ಪಿಎಚ್‌ಡಿ ಮಾಡಿದರೆ ನಾನು ಖುದ್ದಾಗಿ ಹೋಗಿ ಶಾಲು ಹೊದಿಸುತ್ತೇನೆ.

ಹಾಗಾದರೆ ನಮ್ಮಲ್ಲಿ ಸರಿಯಾಗಿ ಆಗಿದ್ದೇ ಇಲ್ಲವೇ? ಆಗಿದೆ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಹೃದಯದ ಆಸ್ಪತ್ರೆಯೂ ಯಂತ್ರ ಕಟ್ಟುವ ವಿಭಾಗವೂ ಒಂದೇ ಆಡಳಿತದಡಿ ಇವೆ. ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಹಾಳಾದ ಬಡ ಹುಡುಗ ಹುಡುಗಿಯರನ್ನು ದಿನವೂ ನೋಡುತ್ತಿದ್ದ ಶಸ್ತ್ರವೈದ್ಯ ಎಂ.ಎಸ್. ವಲಿಯತ್ತಾನ್, ಎಂಜಿನಿಯರ್ ಜಿ.ಎಸ್. ಭುವನೇಶ್ವರ್ ಮತ್ತು ಅವರ ತಂಡ ಸೇರಿ ದೇಶೀ ಕವಾಟಕ್ಕೆ ಕೈಹಾಕಿದರು. ಮೊದಲ ಮೂರು ಮಾದರಿಗಳು ಕೈಕೊಟ್ಟವು. ನೀಲಮಣಿಯ ಬಿಲ್ಲೆಯನ್ನೂ ಬಳಸಿ ನೋಡಿದರು, ಅದು ಒಡೆಯಿತು. ನಾಲ್ಕನೆಯದರಲ್ಲಿ ಗಟ್ಟಿ ಪಾಲಿಎಥಿಲೀನ್ ಬಿಲ್ಲೆ ಹಾಕಿದರು. 1990ರ ಡಿಸೆಂಬರಿನಲ್ಲಿ ಅದು ಮೊದಲ ರೋಗಿಯ ಎದೆ ಸೇರಿತು, ಆಮೇಲೆ ಲಕ್ಷಕ್ಕೂ ಹೆಚ್ಚು ಜನರಿಗೆ ಹೋಯಿತು. ಅಲ್ಲಿ ಕವಾಟ ಕಟ್ಟುವವರಿಗೂ ಅದನ್ನು ಹೊಲಿಯುವವರಿಗೂ ನಡುವೆ ಗೋಡೆ ಇರಲಿಲ್ಲ, ಮಾದರಿ ಕೆಟ್ಟಿತೆಂಬ ಸುದ್ದಿ ‘ಮಿತಿಗಳು’ ಅಧ್ಯಾಯಕ್ಕಾಗಿ ಕಾಯುತ್ತಿರಲಿಲ್ಲ.

ನನ್ನ ಈ ವಾದಕ್ಕೆ ಬರುವ ಆಕ್ಷೇಪಣೆ ಗೊತ್ತಿದೆ. ಒಂದು ಜೀವಕೋಶ ಎಷ್ಟು ಎಳೆತ ತಡೆಯುತ್ತದೆ ಎಂದು ಅಳೆಯುವ ಹುಡುಗನಿಗೆ ಸಿಸ್ಟರ್ ಏನು ಕೇಳಬೇಕು? ಏನೂ ಬೇಡ. ಅಂಥ ಸೆಮಿನಾರಿಗೆ ಅವರನ್ನು ಕರೆಸಿ ಆಕಳಿಸುವಂತೆ ಮಾಡುವುದು ಅನ್ಯಾಯ. ಮೂಲ ವಿಜ್ಞಾನವನ್ನು ‘ಇದರಿಂದ ಏನುಪಯೋಗ’ ಎಂದು ಹಿಂಸಿಸುವವರ ಸಾಲಿಗೆ ನಾನು ಸೇರಿದವನಲ್ಲ. ರೋಗಿಯ ಮೈಗೆ ತಾಗಲಿದೆ ಎಂದು ಶೀರ್ಷಿಕೆಯಲ್ಲೇ ಹೇಳಿಕೊಳ್ಳುವ ಸಂಶೋಧನೆಯ ಬಗ್ಗೆ ಮಾತ್ರ ನನ್ನ ಮಾತು. ಇನ್ನು ಕೆಲವರು, ನಮ್ಮ ಸಮಿತಿಯಲ್ಲಿ ಡಾಕ್ಟರ್ ಇದ್ದಾರಲ್ಲ ಎನ್ನುತ್ತಾರೆ. ಇರುತ್ತಾರೆ, ಅವರು ಬೇಕು ಕೂಡ. ಆದರೆ ಪ್ರೋಬ್ ಹಾಕುವವರು, ಅಲಾರ್ಮ್ ಬಡಿದಾಗ ಓಡುವವರು, ಒರೆಸಿಡುವವರು ಡಾಕ್ಟರಲ್ಲ. ಡಾಕ್ಟರು ರೌಂಡ್ಸ್‌ಗೆ ಬರುವ ಹೊತ್ತಿಗೆ ಎಲ್ಲ ಸರಿಯಾಗಿಯೇ ಇರುತ್ತದೆ, ಸರಿ ಮಾಡಿ ಇಟ್ಟಿರುತ್ತಾರೆ.

ಯುಜಿಸಿಯ 2022ರ ಪಿಎಚ್‌ಡಿ ನಿಯಮದ ಪ್ರಕಾರ ಸಂಶೋಧಕರು ಸೆಮಿಸ್ಟರಿಗೊಮ್ಮೆ ಸಲಹಾ ಸಮಿತಿಯ ಮುಂದೆ ಬಂದು ಕೆಲಸದ ಪ್ರಗತಿ ಹೇಳಬೇಕು. ಥೀಸಿಸ್ ಸಲ್ಲಿಸುವ ಮುಂಚಿನ ಮಂಡನೆ ಎಲ್ಲ ಅಧ್ಯಾಪಕರಿಗೂ ಇತರ ಸಂಶೋಧಕರಿಗೂ ವಿದ್ಯಾರ್ಥಿಗಳಿಗೂ ತೆರೆದಿರಬೇಕು ಎಂದಿದೆ. ಅಧ್ಯಾಪಕರು, ಸಂಶೋಧಕರು, ವಿದ್ಯಾರ್ಥಿಗಳು: ಪಟ್ಟಿ ಅಲ್ಲಿಗೇ ನಿಂತಿದೆ. ದೆಹಲಿಗೆ ಬರೆದು ನಿಯಮ ತಿದ್ದಿಸುವ ತನಕ ಕಾಯಬೇಕಿಲ್ಲ. ಮೊದಲ ವರ್ಷದ ಸೆಮಿನಾರಿಗೆ ವಾರ್ಡಿನ ಒಬ್ಬ ಸಿಸ್ಟರನ್ನೂ ಒಬ್ಬ ಟೆಕ್ನಿಷಿಯನ್ನನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿ, ಮೊದಲ ಪ್ರಶ್ನೆ ಅವರದ್ದೇ ಎಂದು ಯಾವ ವಿಭಾಗ ಬೇಕಾದರೂ ನಾಳೆಯೇ ತೀರ್ಮಾನಿಸಬಹುದು. ಅವರು ಕನ್ನಡದಲ್ಲಿ ಕೇಳಲಿ, ಪಕ್ಕದಲ್ಲಿ ಕೂತ ಯಾರಾದರೂ ವಿದ್ಯಾರ್ಥಿ ಅದನ್ನು ದಾಟಿಸಲಿ. ಫಲಕ ಹಿಡಿದು ಫೋಟೊ ತೆಗೆಸಿಕೊಳ್ಳುವ ಅತಿಥಿಗಳಾಗುವುದು ಬೇಡ. ಅವರ ಪ್ರಶ್ನೆ, ಅದಕ್ಕೆ ವಿದ್ಯಾರ್ಥಿಯ ಉತ್ತರ ಎರಡೂ ಪ್ರಗತಿ ವರದಿಯಲ್ಲಿ ದಾಖಲಾಗಲಿ, ಮುಂದಿನ ಸೆಮಿಸ್ಟರಿನಲ್ಲಿ ಏನಾಯಿತೆಂದು ಸಮಿತಿ ವಿಚಾರಿಸಲಿ.

ಆಸ್ಪತ್ರೆಯವರೂ ಅಷ್ಟು ಮಾಡಬೇಕು. ಹೋಗಿಬರುವ ದಿನಕ್ಕೆ ಓಓಡಿ ಕೊಡಬೇಕು, ಅಂದರೆ ಆ ದಿನವನ್ನು ಕೆಲಸದ ಮೇಲೆ ಹೊರಗೆ ಹೋದಂತೆ ಲೆಕ್ಕ ಹಿಡಿಯಬೇಕು. ಸ್ವಂತ ರಜೆ ಹಾಕಿ ಯಾರೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಬಸ್ ಚಾರ್ಜು, ಊಟದ ಖರ್ಚು ವಿಭಾಗದ್ದಾಗಲಿ. ಇನ್ನೊಂದು, ಸೆಮಿನಾರನ್ನು ಸಂಜೆ ನಾಲ್ಕಕ್ಕೆ ಇಡಬೇಡಿ. ಬೆಳಗಿನ ಪಾಳಿ ಬಿಡುವುದು ಎರಡು ಗಂಟೆಗೆ, ನಾಲ್ಕರ ಹೊತ್ತಿಗೆ ಅವರು ಮನೆ ಸೇರಿ ಸಂಜೆ ಅಡುಗೆಯ ಯೋಚನೆಯಲ್ಲಿರುತ್ತಾರೆ. ಮೂರಕ್ಕೆ ಶುರು ಮಾಡಿ, ಆಸ್ಪತ್ರೆ ಹತ್ತಿರವೇ ಇದ್ದರೆ ಎರಡೂವರೆಗೆ.