ಕೇಬಲ್ ಗುಂಡಿ ತೋಡೋರು ನಾವು, ನಕ್ಷೆ ಬರೆಯೋರು ಯಾರು?



ಪೋಸ್ಟ್ ಸ್ವಲ್ಪ ಉದ್ದ ಅದ. ಮನೆಯಾಗ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಪ್ಲೊಮಾ ಓದೋ ಮಕ್ಕಳು ಇದ್ದವರು ಕೊನೆತನಕ ಓದ್ರಿ.

ನಮ್ಮ ಖಟಕ ಚಿಂಚೋಳಿ, ಭಾಲ್ಕಿ, ಔರಾದ್ ಕಡೆ ರಸ್ತೆ ಬದಿ ಫೈಬರ್ ಕೇಬಲ್ ಹಾಕುವಾಗ ಗುಂಡಿ ತೋಡೋರ ಸಾಲಿನಾಗ ನಮ್ಮ ಕೇರಿ ಹುಡುಗರು ಇದ್ದೇ ಇರ್ತಾರ. ಆದರೆ ಆ ಕೇಬಲ್ ಯಾವ ಊರಿಂದ ಯಾವ ಊರಿಗೆ ಹೋಗಬೇಕು, ಒಂದು ಕಡೆ ಕಡಿದರೆ ಇನ್ಯಾವ ದಾರಿಯಿಂದ ಸಂಪರ್ಕ ಬರಬೇಕು, ಯಾರ ಮಾಹಿತಿ ಯಾರಿಗೆ ಕಾಣಬೇಕು, ಐದು ವರ್ಷದ ನಂತರ ಎಷ್ಟು ಜನ ಬಳಸ್ತಾರೆ ಎಂದು ಲೆಕ್ಕ ಹಾಕಿ ನಕ್ಷೆ ಬರೆಯುವ ಟೇಬಲ್‌ ಸುತ್ತ ನಮ್ಮವರು ಎಷ್ಟು ಜನ ಕುಂತಾರ? ಈ ಕೆಲಸ ಮಾಡುವವರಿಗೆ ನೆಟ್‌ವರ್ಕ್ ಆರ್ಕಿಟೆಕ್ಟ್ ಅಂತಾರೆ. ಬ್ಯಾಂಕ್, ಆಸ್ಪತ್ರೆ, ರೈಲ್ವೆ, ಸರ್ಕಾರ, ದೊಡ್ಡ ಕಂಪನಿ, ಎಲ್ಲರಿಗೂ ಇವರು ಬೇಕು. ನಮ್ಮ ಮಕ್ಕಳು ಈ ಟೇಬಲ್‌ಗೆ ಬರಬೇಕು, ಅದಕ್ಕೆ ತಯಾರಿ ಮಾಡಿಸೋದು ಚಳವಳಿಯ ಕೆಲಸ. ನನ್ನ ಮಾತು ಇಷ್ಟೇ.

"ಅಣ್ಣಾ, ಇದು ಬರೀ ಸಂಬಳದ ಮಾತಲ್ಲೇನು?" ಅಂತ ಕೆಲವರು ಕೇಳ್ತೀರಿ. ಅಲ್ಲ. ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಕೂಲಿ ಬಿಟ್ಟು ಹೋದ ತಾಯಿಗೆ "ಸರ್ವರ್ ಇಲ್ಲವ್ವ, ನಾಳೆ ಬಾ" ಅನ್ನೋ ಮಾತು ಯಾವ ಊರಿನಾಗ ಕೇಳಿಲ್ಲ ಹೇಳ್ರಿ? ರೇಷನ್ ಅಂಗಡಿಯಾಗ ಹೆಬ್ಬೆಟ್ಟು ಒತ್ತಬೇಕಾದರೂ ನೆಟ್ ಬೇಕು. 2023ರ ಜನವರಿ 1ರಿಂದ ನರೇಗಾ ಕಾಮಗಾರಿಯ ಹಾಜರಿಯನ್ನು ಮೊಬೈಲ್ ಆ್ಯಪ್‌ನಲ್ಲಿ ಫೋಟೊ ಸಮೇತ ಹಾಕೋದು ಕಡ್ಡಾಯವಾಯಿತು. ಫೋಟೊ ಅಪ್‌ಲೋಡ್ ಆಗದಿದ್ದರೆ ಬಿಸಿಲಾಗ ದುಡಿದವರ ಕೂಲಿಯೇ ತಕರಾರಿಗೆ ಬೀಳ್ತದ. ನೆಟ್‌ವರ್ಕ್ ಅಂದ್ರ ಈಗ ರೀಲ್ಸ್ ಅಲ್ಲ. ಅದು ಕೂಲಿ, ರೇಷನ್, ಸ್ಕಾಲರ್‌ಶಿಪ್.

ನಕ್ಷೆಯ ಒಂದು ಗೆರೆ ಏನು ಮಾಡ್ತದ ಅನ್ನೋದಕ್ಕೆ ಒಂದು ಉದಾಹರಣೆ ಕೊಡ್ತೀನಿ. ಎಲ್ಲ ಗ್ರಾಮ ಪಂಚಾಯಿತಿಗೂ ಫೈಬರ್ ಮುಟ್ಟಿಸುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದ್ದು 2011ರಲ್ಲಿ. ಅದೇ ಮುಂದೆ ಭಾರತ್‌ನೆಟ್ ಆಯಿತು. ಮೊದಲ ಹಂತದಲ್ಲಿ ಹೆಚ್ಚಾಗಿ ಬ್ಲಾಕ್‌ನಿಂದ ಪಂಚಾಯಿತಿಗೆ ಒಂದೇ ದಾರಿಯ ಕೇಬಲ್. ರಸ್ತೆ ಅಗೆಯುವ ಜೆಸಿಬಿ ಒಂದು ಕಡೆ ಕಡಿದರೆ ಆಚೆ ಕಡೆ ಎಲ್ಲ ಬಂದ್. 2023ರ ಆಗಸ್ಟ್‌ನಲ್ಲಿ ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಗೆ ಒಪ್ಪಿಗೆ ಸಿಕ್ಕಾಗ ವಿನ್ಯಾಸ ಬದಲಾಯಿತು: ಇನ್ನು ಮುಂದೆ ಉಂಗುರದ ಆಕಾರ, ರಿಂಗ್. ಉಂಗುರದಲ್ಲಿ ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಸುತ್ತಿ ಬರ್ತದ. ಗೆರೆಯೋ ಉಂಗುರವೋ ಅನ್ನೋದನ್ನು ಸರಿಪಡಿಸಲು ಹನ್ನೆರಡು ವರ್ಷ ಹೋಯಿತು. ದಿನಗೂಲಿ ಬಿಟ್ಟು ಎರಡು ಸಲ ಕಚೇರಿಗೆ ಅಲೆಯೋ ಮನೆಯಿಂದ ಬಂದ ಎಂಜಿನಿಯರ್ ಮೊದಲೇ ಆ ಟೇಬಲ್‌ನಲ್ಲಿ ಇದ್ದಿದ್ದರೆ, "ಈ ಕೇಬಲ್ ಕಡಿದರೆ ಯಾರ ಅನ್ನ ನಿಲ್ಲುತ್ತೆ?" ಅಂತ ಕೇಳುತ್ತಿದ್ದ ಅಂತ ನನಗೆ ಅನ್ನಿಸ್ತದ.

ಬಾಬಾಸಾಹೇಬರು ಇದನ್ನು ಬಹಳ ಮುಂಚೆ ಕಂಡಿದ್ದರು. 1942ರ ಅಕ್ಟೋಬರ್‌ನಲ್ಲಿ ವೈಸರಾಯ್ ಲಿನ್ಲಿತ್ಗೋಗೆ ಸಲ್ಲಿಸಿದ ಮನವಿಯಲ್ಲಿ ಅವರು ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ವಿಜ್ಞಾನ ಮತ್ತು ತಂತ್ರಜ್ಞಾನ ಶಿಕ್ಷಣಕ್ಕೆ ವರ್ಷಕ್ಕೆ 2 ಲಕ್ಷ ರೂಪಾಯಿ, ವಿದೇಶದ ಓದಿಗೆ 1 ಲಕ್ಷ ಕೇಳಿದರು. ಕಲೆ, ಕಾನೂನಿನ ಪದವಿ ಸಾಲದು, ತಂತ್ರಜ್ಞಾನದ ಉನ್ನತ ಶಿಕ್ಷಣ ಬೇಕು, ಅದರ ಖರ್ಚು ನಮ್ಮವರಿಗೆ ಎಟುಕದು, ಹಾಗಾಗಿ ಸರ್ಕಾರ ಕೊಡಬೇಕು ಅನ್ನೋದು ಅವರ ವಾದ. ನಾವು ಕಾನೂನು ಓದಿದ ಬಾಬಾಸಾಹೇಬರನ್ನು ನೆನಪಿಟ್ಟುಕೊಂಡೆವು, ತಂತ್ರಜ್ಞಾನ ಕೇಳಿದ ಬಾಬಾಸಾಹೇಬರನ್ನು ಅಷ್ಟು ನೆನೆಯಲಿಲ್ಲ.

ಈಗ ನಮ್ಮ ಮಕ್ಕಳ ಕನಸು ಎಲ್ಲಿ ಅದ? ಪಿಎಸ್ಐ, ಎಫ್‌ಡಿಎ, ಕೆಎಎಸ್. ಧಾರವಾಡ, ವಿಜಯಪುರದ ರೂಮಿನಾಗ ಐದಾರು ವರ್ಷ. ಅದು ತಪ್ಪಲ್ಲ, ಅಧಿಕಾರ ಬೇಕೇ ಬೇಕು. ಆದರೆ 545 ಪಿಎಸ್ಐ ಹುದ್ದೆಗಳ ಕಥೆ ನೆನಪು ಮಾಡ್ಕೊಳ್ರಿ. 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ, 2022ರ ಏಪ್ರಿಲ್‌ನಲ್ಲಿ ಅಕ್ರಮ ಬಯಲಾಗಿ ರದ್ದು, ಮರುಪರೀಕ್ಷೆ 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದ ಮಕ್ಕಳ ಎರಡು ವರ್ಷಕ್ಕೂ ಹೆಚ್ಚು ಕಾಲ ಹೋಯಿತು. ಎಲ್ಲ ಮೊಟ್ಟೆ ಒಂದೇ ಬುಟ್ಟಿಯಾಗ ಇಡಬ್ಯಾಡ್ರಿ ಅಂತಷ್ಟೇ ನಾ ಹೇಳೋದು.

ದಾರಿ ಹ್ಯಾಂಗ? ನೇರವಾಗಿ ಯಾರೂ ಆರ್ಕಿಟೆಕ್ಟ್ ಆಗಲ್ಲ. ಡಿಗ್ರಿ ಜೊತೆ ಸಾಮಾನ್ಯವಾಗಿ ಐದು ವರ್ಷ ಅಥವಾ ಅದಕ್ಕೂ ಹೆಚ್ಚಿನ ಅನುಭವ ಕೇಳ್ತಾರೆ.

ಓದು: ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ, ನಂತರ ಡಿಸಿಇಟಿ ಬರೆದು ನೇರ ಎಂಜಿನಿಯರಿಂಗ್ ಎರಡನೇ ವರ್ಷ. ಇಲ್ಲವೇ ಪಿಯುಸಿ ಸೈನ್ಸ್, ಸಿಇಟಿ. ಬಿಸಿಎ ಮಾಡಿದವರಿಗೂ ಬಾಗಿಲು ಮುಚ್ಚಿಲ್ಲ. ಮೀಸಲಾತಿ ಜೊತೆ 371(ಜೆ) ಪ್ರಮಾಣಪತ್ರ ಮಾಡಿಸಿ ಇಡ್ರಿ: ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ 70% ಸೀಟು ಸ್ಥಳೀಯರಿಗೆ, ರಾಜ್ಯದ ಉಳಿದ ಕಡೆ 8%.

ಕಲಿಕೆ: ಮೊದಲು ಐಪಿ ವಿಳಾಸ, ಸಬ್‌ನೆಟ್ ಲೆಕ್ಕ, ಸ್ವಿಚ್, ರೂಟರ್. ಸಬ್‌ನೆಟ್ ಲೆಕ್ಕ ಪೆನ್ನು ಹಾಳೆ ಹಿಡಿದು ಮಾಡಿ ಕಲೀರಿ. ಪ್ಯಾಕೆಟ್ ಟ್ರೇಸರ್, ಜಿಎನ್ಎಸ್3, ವೈರ್‌ಶಾರ್ಕ್ ಉಚಿತವಾಗಿ ಸಿಗ್ತಾವ. ಹಳೇ ಲ್ಯಾಪ್‌ಟಾಪ್‌ನಾಗೇ ಪ್ಯಾಕೆಟ್ ಟ್ರೇಸರ್‌ನಲ್ಲಿ ಒಂದು ಬ್ಯಾಂಕಿನ ನೆಟ್‌ವರ್ಕ್ ಕಟ್ಟಿ, ಕೆಡಿಸಿ, ಮತ್ತೆ ಕಟ್ಟಬಹುದು. ಎನ್‌ಪಿಟಿಇಎಲ್ ಪಾಠಗಳೂ ಉಚಿತ. ನಂತರ ಒಎಸ್‌ಪಿಎಫ್, ಬಿಜಿಪಿ, ಫೈರ್‌ವಾಲ್, ಲಿನಕ್ಸ್, ಸ್ವಲ್ಪ ಪೈಥಾನ್, ಕ್ಲೌಡ್.

ಕೆಲಸ: ಮೊದಲ ನೌಕರಿ ರಾತ್ರಿ ಪಾಳಿಯಲ್ಲಿ ಸ್ಕ್ರೀನ್ ಮುಂದೆ ಕೂತು ಯಾವ ಲಿಂಕ್ ಬಿತ್ತು ಅಂತ ಕಾಯೋದೇ ಆಗಿರಬಹುದು. ನಾಚಬ್ಯಾಡ್ರಿ. ನೆಟ್‌ವರ್ಕ್ ಎಲ್ಲೆಲ್ಲಿ ಮುರಿತದ ಅಂತ ಕಂಡವನೇ ಮುಂದೆ ಮುರಿಯದಂಥ ನಕ್ಷೆ ಬರೀತಾನ. ಹೆಣ್ಮಕ್ಕಳನ್ನ ರಾತ್ರಿ ಪಾಳಿ ನೆಪದಲ್ಲಿ ಹಿಂದೆ ಹಿಡೀಬ್ಯಾಡ್ರಿ. ಪಿಕಪ್ ಡ್ರಾಪ್ ಕೊಡೋದು ಕಂಪನಿ ಹೊಣೆ, ಅದನ್ನು ಕೇಳಿ ಪಡೀರಿ.

ಒಂದು ಎಚ್ಚರಿಕೆ. ಬೀದರ್‌ನಿಂದ ಹೈದರಾಬಾದಿನ ಅಮೀರ್‌ಪೇಟ್‌ಗೆ ಕೋಚಿಂಗ್‌ಗೆ ಹೋಗೋ ಹುಡುಗರು ಬಹಳ. ಒಳ್ಳೆ ಮೇಷ್ಟ್ರು ಅಲ್ಲಿ ಇದ್ದಾರ. ಆದರೆ "ಡಂಪ್ಸ್" ಅಂತ ಪರೀಕ್ಷೆಯ ಪ್ರಶ್ನೋತ್ತರ ಬಾಯಿಪಾಠ ಮಾಡಿಸೋರು, ಸುಳ್ಳು ಅನುಭವ ಪತ್ರ ಮಾರೋರು, "ದುಡ್ಡು ಕೊಡು, ಹಿಂಬಾಗಿಲಿಂದ ಕೆಲಸ" ಅನ್ನೋರೂ ಇದ್ದಾರ. ಸುಳ್ಳು ಪತ್ರ ತನಿಖೆಯಲ್ಲಿ ಸಿಕ್ಕಿಬಿದ್ದರೆ ಕೆಲಸ ಹೋಗ್ತದ, ಹೆಸರೂ ಹೋಗ್ತದ. ಉಳ್ಳವರ ಮಗನಿಗೆ ಎರಡನೇ ಅವಕಾಶ ಸಿಗ್ತದ, ನಮ್ಮವರಿಗೆ ಸುಲಭಕ್ಕೆ ಸಿಗಲ್ಲ.

ಇನ್ನು ದುಡ್ಡು. ಸಿಸಿಎನ್‌ಎ ಪರೀಕ್ಷೆ ಶುಲ್ಕ 300 ಡಾಲರ್, ತೆರಿಗೆ ಸೇರಿದರೆ 25 ಸಾವಿರ ರೂಪಾಯಿ ದಾಟ್ತದ. 2025-26ರಲ್ಲಿ ಕರ್ನಾಟಕದ ನರೇಗಾ ದಿನಗೂಲಿ 370 ರೂಪಾಯಿ. ಆ ಲೆಕ್ಕದಾಗ 25 ಸಾವಿರ ಅಂದ್ರೆ 67 ದಿನಕ್ಕೂ ಹೆಚ್ಚಿನ ಕೂಲಿ, ಒಂದೇ ಒಂದು ಪರೀಕ್ಷೆಗೆ. ಪ್ರತಿಭೆ ಇಲ್ಲ ಅಂತ ನಮ್ಮ ಮಕ್ಕಳು ಹಿಂದೆ ಉಳೀತಿಲ್ಲ, ಈ ಲೆಕ್ಕದಿಂದ ಉಳೀತಾರ.

ಅಲ್ಲಿಗೆ ಹೋದ ಮೇಲೆ ಜಾತಿ ಬಿಡ್ತದೇನು? ಬಿಡಲ್ಲ. ರೂಟರ್ ತಯಾರಿಸುವ ಸಿಸ್ಕೊ ಕಂಪನಿಯ ಮೇಲೆ 2020ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರದ ಇಲಾಖೆಯೇ ಮೊಕದ್ದಮೆ ಹೂಡಿತು. ದಲಿತ ಎಂಜಿನಿಯರ್ ಒಬ್ಬರಿಗೆ ಮೇಲ್ಜಾತಿಯ ಭಾರತೀಯ ಮೇಲಧಿಕಾರಿಗಳು ಜಾತಿ ತಾರತಮ್ಯ ಮಾಡಿದರು ಅನ್ನೋದು ಆರೋಪ. ಕಂಪನಿ ಅಲ್ಲಗಳೆಯಿತು. 2023ರಲ್ಲಿ ಆ ಇಬ್ಬರು ಅಧಿಕಾರಿಗಳ ಮೇಲಿನ ದೂರನ್ನು ಇಲಾಖೆ ಹಿಂಪಡೆಯಿತು, ಕಂಪನಿ ಮೇಲಿನದ್ದನ್ನು ಬಿಡಲಿಲ್ಲ. ಅದೇ ವರ್ಷ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು. ದನಿ ಎತ್ತಿದ್ದರಿಂದಲೇ ಜಗತ್ತು ಕೇಳಿತು. ಕೌಶಲ ಒಂದು ಕೈಯಾಗ, ಸಂಘಟನೆ ಇನ್ನೊಂದು ಕೈಯಾಗ ಇರಬೇಕು. ಖಾಸಗಿ ವಲಯದಲ್ಲಿ ಮೀಸಲಾತಿ ಬೇಡಿಕೆಯನ್ನೂ ಬಿಡಬಾರದು.

ಹಂಗಾದ್ರೆ ಏನ್ ಮಾಡೋಣ?

ಒಂದು, 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ಹಣ ನಮ್ಮ ಹಕ್ಕು. ಇಂಥ ಪರೀಕ್ಷೆಗಳ ಶುಲ್ಕ ಅದರಿಂದ ಕೊಡಿ ಅಂತ ಸಮಾಜ ಕಲ್ಯಾಣ ಇಲಾಖೆಗೆ ಮನವಿ ಕೊಡೋಣ. ಗ್ಯಾರಂಟಿಗೆ, ರಸ್ತೆಗೆ ಹೋಗೋ ದುಡ್ಡು ಮಕ್ಕಳ ಪರೀಕ್ಷೆಗೆ ಯಾಕೆ ಬರಬಾರದು?

ಎರಡು, ತಾಲೂಕಿಗೆ ಒಂದಾದರೂ ಹಾಸ್ಟೆಲ್‌ನಲ್ಲಿ ಹತ್ತು ಕಂಪ್ಯೂಟರಿನ ಲ್ಯಾಬ್, ಬಂದೋಬಸ್ತಿನ ನೆಟ್. ರಾತ್ರಿ ಹತ್ತರ ತನಕ ಬೀಗ ತೆಗೆದಿರಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೂ ಇದನ್ನು ಕೇಳೋಣ.

ಮೂರು, ಇದು ಪ್ರೀತಿಯಿಂದ ಹೇಳೋದು, ಸಿಟ್ಟಾಗಬ್ಯಾಡ್ರಿ. ಏಪ್ರಿಲ್ 14ರ ಡಿಜೆ ಖರ್ಚಿನಾಗ ಅರ್ಧ ಉಳಿಸಿದರೆ ಊರಿನ ಒಬ್ಬ ಹುಡುಗಿಯ ಪರೀಕ್ಷೆ ಶುಲ್ಕ ಬರ್ತದ.

ನಾಲ್ಕು, ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಈಗಾಗಲೇ ಈ ಕೆಲಸದಲ್ಲಿರುವ ನಮ್ಮ ಅಣ್ಣ ಅಕ್ಕಂದಿರೇ, ಭಾನುವಾರ ಒಂದು ಗಂಟೆ ಕೊಡ್ರಿ. ಹಳ್ಳಿ ಹುಡುಗರಿಗೆ ಇಂಗ್ಲಿಷ್ ಸಂದರ್ಶನದ ಅಂಜಿಕೆ ಬಿಡಿಸ್ರಿ. ಜಾತಿ ಮುಚ್ಚಿಟ್ಟು ಬದುಕೋ ಅನಿವಾರ್ಯತೆ ನಿಮಗಿದ್ದರೆ ಹೆಸರು ಹೇಳಬೇಕಾಗಿಲ್ಲ, ನಿಮ್ಮ ಸಮಯ ಸಾಕು.

ಈ ಕ್ಷೇತ್ರದಲ್ಲಿ ಇರೋರು ಇನ್‌ಬಾಕ್ಸ್‌ಗೆ ಬರ್ರಿ. ಓದೋ ಮಕ್ಕಳು ಯಾವ ತರಗತಿ, ಯಾವ ಊರು ಅಂತ ಕಾಮೆಂಟ್‌ನಾಗ ಬರೀರಿ. ಮನವಿ ಪತ್ರದ ಕರಡು ಮಾಡಿ ಇಲ್ಲೇ ಹಾಕ್ತೀನಿ. ಸಹಿ ಮಾಡೋಕೆ ಮಾತ್ರ ಅಲ್ಲ, ಕಚೇರಿಗೆ ಬರೋಕೂ ತಯಾರಿರ್ರಿ.

ಜೈ ಭೀಮ್. ಜೈ ಸಂವಿಧಾನ.