ಎರೆಮಣ್ಣಿನ ದಾರಿಗೆ ಇಟಲಿಯ ಗಾಡಿಯೆ?

ಇಟಲಿಯ ಡುಕಾಟಿ ಕಂಪನಿಯು 2023ರಲ್ಲಿ ಪ್ರಕಟಿಸಿದ ಹೈಪರ್‌ಮೋಟಾರ್ಡ್ 698 ಮೋನೋ ಎಂಬ ಸೂಪರ್‌ಮೋಟೋ ಗಾಡಿಗೆ ಇರುವುದು ಒಂದೇ ಸಿಲಿಂಡರು. ಗಾತ್ರ 659 ಘನ ಸೆಂಟಿಮೀಟರು, ಸಾಮರ್ಥ್ಯ ಸುಮಾರು 77 ಅಶ್ವಶಕ್ತಿ. ಯಂತ್ರವು ಸೊಗಸಾದುದೇ, ಸಂದೇಹವಿಲ್ಲ. ಆದರೆ ಬಳ್ಳಾರಿಯಿಂದ ಸಿರುಗುಪ್ಪಕ್ಕೋ ಕುರುಗೋಡಿಗೋ ಹೊರಟ ಹೊಸ ಸವಾರನಿಗೆ ಅದು ತಕ್ಕುದಲ್ಲವೆಂದೇ ನನ್ನ ಮತ. ಮಣ್ಣುದಾರಿಯ ಗಾಡಿಯಂತೆ ಎತ್ತರವಾಗಿ ಕಂಡರೂ ಅದರ ಟೈರುಗಳು ಡಾಂಬರಿಗೆ ಮೀಸಲಾದವು. ನಮ್ಮಲ್ಲಿಯೋ, ತುಂಗಭದ್ರೆಯ ಕಾಲುವೆ ನೀರುಂಡ ಬತ್ತದ ಗದ್ದೆಗಳಿಂದ ಟ್ರ್ಯಾಕ್ಟರುಗಳು ಎರೆಮಣ್ಣನ್ನು ಡಾಂಬರಿನ ಮೇಲಕ್ಕೇ ತರುತ್ತವೆ. ನಾಲ್ಕು ಹನಿ ಬಿದ್ದವೋ, ಬೆಣ್ಣೆ! ಘರ್ಷಣಾಂಕವು 0.7 ಇರುವ ಒಣದಾರಿಯಲ್ಲಿ, ಗಂಟೆಗೆ 60 ಕಿಲೋಮೀಟರು ವೇಗದ ಗಾಡಿಯು ಬ್ರೇಕು ಹಿಡಿದ ಮೇಲೆ 20 ಮೀಟರಿನಷ್ಟು ಸಾಗಿ ನಿಲ್ಲುತ್ತದೆ. ವೇಗವು ಇಮ್ಮಡಿಯಾದರೆ ಈ ದೂರವು ನಾಲ್ಮಡಿ. ಘರ್ಷಣಾಂಕವು 0.2ಕ್ಕೆ ಇಳಿಯಿತೆನ್ನಿ, 60ರ ವೇಗಕ್ಕೇ 71 ಮೀಟರು ಬೇಕು. ಚಕ್ರವು ಕಚ್ಚಿಕೊಳ್ಳದಂತೆ ಕಾಯುವ ಎಬಿಎಸ್ ಉಪಕರಣವು ಇರುವ ಘರ್ಷಣೆಯನ್ನು ಬಳಸಬಲ್ಲುದೇ ಹೊರತು ಇಲ್ಲದುದನ್ನು ಸೃಷ್ಟಿಸಲಾರದು.