ನಷ್ಟದ ಮಾತಿಲ್ಲದ ಪಾಲುದಾರಿಕೆ

ವಿರಾಜಪೇಟೆ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ದುಬೈಯಲ್ಲಿ ಉದ್ಯೋಗದಲ್ಲಿದ್ದಾನೆ. ಮೊಬೈಲಿಗೆ ಬಂದ ಒಂದು ಜಾಹೀರಾತನ್ನು ಕಳುಹಿಸಿ, "ಸರ್, ಬಡ್ಡಿಯಿಲ್ಲದ ಹಲಾಲ್ ಹೂಡಿಕೆಯಂತೆ, ತಿಂಗಳಿಗೆ ಶೇಕಡಾ 2 ಲಾಭ ಖಚಿತವಂತೆ, ಹಾಕಬಹುದೇ?" ಎಂದು ಕೇಳಿದ್ದಾನೆ. ಈ ಪ್ರಶ್ನೆ ಅವನೊಬ್ಬನದಲ್ಲವಾದ್ದರಿಂದ ನನ್ನ ಅಭಿಪ್ರಾಯವನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

ಇಸ್ಲಾಂ ನಿಷೇಧಿಸಿರುವುದು ಬಡ್ಡಿಯನ್ನು, ವ್ಯಾಪಾರವನ್ನಲ್ಲ. ಮುದಾರಬಾ ಎಂಬ ಒಪ್ಪಂದದಲ್ಲಿ ಒಬ್ಬನ ಹಣ, ಇನ್ನೊಬ್ಬನ ದುಡಿಮೆ. ಲಾಭದಲ್ಲಿ ಯಾರಿಗೆ ಎಷ್ಟು ಪಾಲು ಎಂದು ಮೊದಲೇ ಗೊತ್ತುಮಾಡಿಕೊಳ್ಳಬಹುದು. ಇಂತಿಷ್ಟೇ ರೂಪಾಯಿ ಎಂದು ಗೊತ್ತುಮಾಡುವಂತಿಲ್ಲ. ವ್ಯಾಪಾರ ಮುಳುಗಿದರೆ ಹಣ ಹಾಕಿದವನು ಹಣ ಕಳೆದುಕೊಳ್ಳುತ್ತಾನೆ, ದುಡಿದವನು ಶ್ರಮ ಕಳೆದುಕೊಳ್ಳುತ್ತಾನೆ. ಹಾಗಿರುವಾಗ ಮೂಲಧನಕ್ಕೆ ತಿಂಗಳು ತಿಂಗಳೂ ಖಚಿತ ಶೇಕಡಾವಾರು ಕೊಡುತ್ತೇನೆ ಎನ್ನುವವನು ಕೊಡುತ್ತಿರುವುದು ಬಡ್ಡಿಯಲ್ಲದೆ ಮತ್ತೇನು? ಹೆಸರು ಮಾತ್ರ ಬೇರೆ.

ಇದನ್ನು ಅರ್ಥಮಾಡಿಕೊಳ್ಳಲು ಕೊಡಗಿನವರಿಗೆ ಪುಸ್ತಕ ಬೇಕಿಲ್ಲ. ಬಳ್ಳಿಯಲ್ಲಿ ಕರಿಮೆಣಸು ಇನ್ನೂ ಬಲಿಯುವ ಮುನ್ನವೇ ತೋಟದ ಫಸಲನ್ನು ಗುತ್ತಿಗೆಗೆ ಕೊಡುವುದನ್ನು ನಾವೆಲ್ಲ ನೋಡಿದವರೇ. ಬಲಿಯದ ಫಲವನ್ನು ಹೀಗೆ ಮರದಲ್ಲಿಯೇ ಮಾರುವುದು ಇಸ್ಲಾಮಿನ ವ್ಯಾಪಾರ ನಿಯಮದಲ್ಲಿ ಸಲ್ಲದು. ಕಾರಣ ಸರಳ: ಫಸಲು ಕೈಗೆ ಬರದಿದ್ದರೆ ಒಬ್ಬನು ಏನನ್ನೂ ಕೊಡದೆ ಇನ್ನೊಬ್ಬನ ಹಣವನ್ನು ಇಟ್ಟುಕೊಂಡಂತಾಗುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆಗಳ ಕಡೆ ಗುಡ್ಡಗಳೇ ಜರಿದು ತೋಟಗಳು ಕೊಚ್ಚಿಹೋದುದನ್ನು ಕಂಡವರಿಗೆ ಆ ನಿಯಮದ ವಿವೇಕ ತಿಳಿಯುತ್ತದೆ. ಆದರೆ ಸಲಂ ಎಂಬ ಇನ್ನೊಂದು ವಿಧಾನಕ್ಕೆ ಅನುಮತಿಯಿದೆ. ಪೂರ್ತಿ ಬೆಲೆಯನ್ನು ಮುಂಗಡವಾಗಿ ಕೊಟ್ಟು, ಇಂಥ ಗುಣಮಟ್ಟದ, 50 ಕಿಲೋ ತೂಕದ ಇಷ್ಟು ಮೂಟೆ ಕಾಫಿಯನ್ನು ಇಂಥ ದಿನಕ್ಕೆ ಒಪ್ಪಿಸಬೇಕೆಂದು ಮಾತಾಡಿಕೊಳ್ಳುವುದು. ಇಂಥದೇ ತೋಟದ ಕಾಫಿ ಎಂಬ ಷರತ್ತು ಅದರಲ್ಲಿರಕೂಡದು. ಬೆಳೆಗಾರನಿಗೆ ಮಳೆಗಾಲದ ಖರ್ಚಿಗೆ ಬಡ್ಡಿಯಿಲ್ಲದೆ ಹಣ ಸಿಕ್ಕಿತು. ತನ್ನ ತೋಟ ಕೈಕೊಟ್ಟರೆ ಅವನು ಬೇರೆಡೆ ಕೊಂಡಾದರೂ ಒಪ್ಪಿಸಬಹುದು.

ಇಂಥ ಸೂಕ್ಷ್ಮವಾದ ಶಾಸ್ತ್ರದ ಹೆಸರಿನಲ್ಲಿ ಬೆಂಗಳೂರಿನಲ್ಲಿ ನಡೆದುದೇನು? ಐ ಮಾನಿಟರಿ ಅಡ್ವೈಸರಿ, ಅಂದರೆ ಐಎಂಎ, 2006ರಲ್ಲಿ ಆರಂಭವಾಯಿತು. ಹಣ ಹಾಕಿದವರನ್ನು ಠೇವಣಿದಾರರೆನ್ನದೆ ಪಾಲುದಾರರೆಂದು ಕರೆದು, ತಿಂಗಳಿಗೆ ಶೇಕಡಾ ಎರಡೂವರೆ, ಮೂರರಂತೆ ಹಂಚಿತು. ಶಿವಾಜಿನಗರದ ಸರ್ಕಾರಿ ಶಾಲೆಯೊಂದನ್ನು ದತ್ತು ಪಡೆದು ಸುಧಾರಿಸಿತು. (ಶಾಲೆಗೆ ಉಪಕಾರ ಮಾಡಿದವರನ್ನು ಸಂಶಯಿಸುವುದು ಎಷ್ಟು ಕಷ್ಟವೆಂದು ಶಿಕ್ಷಕರಾಗಿದ್ದವರೇ ಬಲ್ಲರು.) 2019ರ ಜೂನ್ ತಿಂಗಳಲ್ಲಿ ಅದರ ಮಾಲೀಕ ದುಬೈಗೆ ಪಲಾಯನ ಮಾಡಿದ, ಜುಲೈನಲ್ಲಿ ದೆಹಲಿಯಲ್ಲಿ ಸೆರೆಯಾದ. ತನಿಖಾ ಸಂಸ್ಥೆಗಳ ಪ್ರಕಾರ ಸಂಗ್ರಹವಾಗಿದ್ದ ಹಣ ಸುಮಾರು 4,000 ಕೋಟಿ ರೂಪಾಯಿ. ಮಗಳ ಮದುವೆಗೆಂದು ಕೂಡಿಟ್ಟದ್ದು, ನಿವೃತ್ತಿಯ ಹಣ, ಹೆಂಗಸರ ಒಡವೆ, ಎಲ್ಲವೂ ಅದರಲ್ಲಿತ್ತು.

ಹೂಡಿದವರನ್ನು ದುರಾಸೆಯವರೆಂದು ಹಳಿಯುವವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಬಡ್ಡಿಗೆ ಅಂಜಿ ಬ್ಯಾಂಕಿನಿಂದ ದೂರವಿರುವ ಮನುಷ್ಯನಿಗೆ ಕಾನೂನಿನ ರಕ್ಷಣೆಯಿರುವ ದಾರಿಯೊಂದು ಬೇಕಿತ್ತು. ರಘುರಾಂ ರಾಜನ್ ಸಮಿತಿ 2008ರಲ್ಲಿಯೇ ಬಡ್ಡಿರಹಿತ ಬ್ಯಾಂಕಿಂಗಿಗೆ ಅವಕಾಶ ಕೊಡಬೇಕೆಂದು ಹೇಳಿತ್ತು. ಅದನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕ್ ತೀರ್ಮಾನಿಸಿದ್ದು 2017ರಲ್ಲಿ ತಿಳಿದುಬಂತು. ಬಾಗಿಲು ಮುಚ್ಚಿದಲ್ಲಿ ಕಿಂಡಿಗಳು ಹುಟ್ಟುತ್ತವೆ; ಈಗ ಆ ಕಿಂಡಿಗಳು ಮೊಬೈಲಿನೊಳಕ್ಕೂ ಬಂದಿವೆ.

ಹಾಗೆಂದು ನ್ಯಾಯವಾದ ದಾರಿಯೇ ಇಲ್ಲವೆಂದಲ್ಲ. ಮದ್ಯದ ಕಂಪನಿ, ಬಡ್ಡಿಯ ಬ್ಯಾಂಕುಗಳನ್ನು ಬಿಟ್ಟು ಉಳಿದ ಷೇರುಗಳಲ್ಲಿ ಹಣ ತೊಡಗಿಸುವ ಟಾಟಾ ಎಥಿಕಲ್ ಫಂಡ್, ಶರೀಅತ್ ಸೂಚ್ಯಂಕವನ್ನು ಅನುಸರಿಸುವ ನಿಪ್ಪಾನ್‌ನವರ ಶರಿಯಾ ಬೀಸ್ ಇವೆ. ಇವು ಸೆಬಿಯ ನಿಯಂತ್ರಣದಲ್ಲಿವೆ, ಮೊಬೈಲಿನಲ್ಲಿಯೂ ಕೊಳ್ಳಬಹುದು. ಇವುಗಳ ಬೆಲೆ ಏರುತ್ತದೆ, ಇಳಿಯುತ್ತದೆ. ಯಾವ ತಿಂಗಳಿಗೂ ಯಾವ ಭರವಸೆಯೂ ಇಲ್ಲ. ಕೊಳ್ಳಲೇಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಜಾಹೀರಾತು ಕಳುಹಿಸಿದವರಿಗೆ ಹಣ ಕೊಡುವ ಮುನ್ನ ಸೆಬಿಯ ನೋಂದಣಿ ಸಂಖ್ಯೆ ಕೇಳಿ. ರಿಸರ್ವ್ ಬ್ಯಾಂಕಿನ ಸಚೇತ್ ಜಾಲತಾಣದಲ್ಲಿ ಆ ಹೆಸರನ್ನು ಹುಡುಕಿ. ಕರಾರುಪತ್ರ ತರಿಸಿಕೊಂಡು, ನಷ್ಟ ಬಂದರೆ ಯಾರು ಎಷ್ಟು ಹೊರಬೇಕೆಂದು ಯಾವ ಪುಟದಲ್ಲಿ ಬರೆದಿದೆಯೆಂದು ತೋರಿಸಲು ಹೇಳಿ.